ಸಾಮರ್ಥ್ಯ: ಒಬ್ಬ ಪ್ರಯಾಣಿಕ

ನಮ್ಮ ಭಾವ ಲಿಫ್ಟ್ ಇನ್‌ಸ್ಪೆಕ್ಟರು. ಈ ಊರಿನಲ್ಲಿ ಯಾವ ಲಿಫ್ಟು ಮೇಲೆ ಹೋಗಬೇಕು, ಯಾವುದು ಇದ್ದಲ್ಲೇ ಇರಬೇಕು ಅನ್ನುವುದು ಅವರ ಒಂದು ಸಹಿಯ ಮೇಲೆ ನಿಂತಿದೆ. ಅಂಥವರು ಮನೆಗೆ ಬಂದು ಎಲ್ಲರ ಹಾಗೆ ಚಪ್ಪಲಿ ಬಿಚ್ಚಿ ಕೂರುತ್ತಾರೆ ಅಂತ ನಿರೀಕ್ಷಿಸುವುದೇ ತಪ್ಪು. ಮದುವೆಯಾದ ಹೊಸದರಲ್ಲಿ ಅಕ್ಕ ಹಾಗೆ ನಿರೀಕ್ಷಿಸಿದ್ದಳಂತೆ. ಈಗ ಬಿಟ್ಟಿದ್ದಾಳೆ.

ಲಿಫ್ಟಿನ ವಿಷಯದಲ್ಲಿ ಭಾವನದು ಒಂದೇ ಸಿದ್ಧಾಂತ. ಸದ್ದು ಬಂದರೆ ದೋಷ ಇದೆ, ಸದ್ದಿಲ್ಲದಿದ್ದರೆ ಸರಿಯಿದೆ. ನಾವಿರುವ ಕಟ್ಟಡದ ಲಿಫ್ಟು ಹೋದ ತಿಂಗಳು ಎರಡನೇ ಮಹಡಿ ದಾಟುವಾಗ ಒಂದು ಸಲ 'ಕಿರ್' ಅಂದಿತು. ಒಂದೇ ಸಲ, ಅದೂ ಮೆಲ್ಲಗೆ. ಭಾವ ಅವತ್ತು ಸಂಜೆಯೇ ಅದಕ್ಕೆ ಬೀಗ ಜಡಿದು ಚೀಟಿ ಅಂಟಿಸಿದರು. ನಾವಿರುವುದು ನಾಲ್ಕನೇ ಮಹಡಿ. ಮೂರನೇ ಮಹಡಿಯ ಟೈಲರಮ್ಮ ಅವತ್ತಿನಿಂದ ಬಟ್ಟೆಯ ಗಂಟು ಹೊತ್ತು ಹತ್ತುತ್ತಾ ಮೆಟ್ಟಿಲಿಗೊಂದು ಮಾತು ಹೇಳುತ್ತಾರೆ. ನಾನು ದಿನಾ ಡೈರಿ ಬರೆಯುವವಳಾದರೂ ಆ ಮಾತುಗಳನ್ನು ಬರೆದಿಟ್ಟುಕೊಂಡಿಲ್ಲ. ಡೈರಿ ಯಾರ ಕೈಗಾದರೂ ಸಿಗಬಹುದು.

ಇನ್ನು ಗುಬ್ಬಿ. ಗುಬ್ಬಿ ಅಂದರೆ ಅಕ್ಕನ ಮಗಳು. ಏಳು ತಿಂಗಳು, ಎರಡು ಹಲ್ಲು. ಆಗಷ್ಟೇ ಗಟ್ಟಿ ಊಟ ಶುರುವಾಗಬೇಕಿತ್ತು. ಅದೇ ಹೊತ್ತಿಗೆ ಅಕ್ಕನಿಗೆ ಆಫೀಸಿನಿಂದ ಬೇರೆ ಊರಿನಲ್ಲಿ ಐದು ದಿನದ ತರಬೇತಿ ಬಂತು. ಭಾನುವಾರ ಮಧ್ಯಾಹ್ನ ಹೊರಡಬೇಕು. ನಾನು ಡಿಗ್ರಿ ಮುಗಿಸಿ ಅಕ್ಕನ ಮನೆಯಲ್ಲಿದ್ದು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ಮಧ್ಯಾಹ್ನ ಮೂರಕ್ಕೆ ಬರುವವಳು. ಹಾಗಾಗಿ ಭಾವ ಐದು ದಿನ ರಜ ಹಾಕಿದರು.

ಈ ಸುದ್ದಿ ಕೇಳಿ ಭಾವನ ಅಮ್ಮ ಫೋನ್ ಮಾಡಿದರು. ಅವರು ಅಕ್ಕನಿಗೆ ಅತ್ತೆ. ನಾನೂ ಅತ್ತೆ ಅಂತಲೇ ಕರೆಯುತ್ತೇನೆ. ಅವರ ಫೋನಿಗೆ ಸ್ಪೀಕರ್ ಹಾಕುವ ಅಗತ್ಯ ಬೀಳುವುದಿಲ್ಲ.

"ಭಾನುವಾರ ಬರ್ತೀನಿ. ಮಗೂನ ಕರ್ಕೊಂಡು ಹೋಗ್ತೀನಿ."

"ಬೇಡಮ್ಮ. ನಾನೇ ಇರ್ತೀನಲ್ಲ. ನಾನೇ ತಿನ್ನಿಸ್ತೀನಿ."

"ನೀನಾ? ನಿಂಗೆ ನಾನು ತಿನ್ನಿಸೋದು ಬಿಟ್ಟಿದ್ದೇ ನಿಂಗೆ ಒಂಬತ್ತು ವರ್ಷ ಆದ್ಮೇಲೆ ಕಣೋ!"

"ಅಮ್ಮಾ, ಸ್ಪೀಕರ್ ಆನ್ ಆಗಿದೆ." ಆಗಿರಲಿಲ್ಲ.

"ಆಗ್ಲಿ. ಎಲ್ರೂ ಕೇಳಿಸ್ಕೊಳ್ಳಿ. ನಾನು ಬಂದಾಗ ನನ್ನ ಕಣ್ಣೆದುರಿಗೆ ಮಗು ಒಂದು ಬಟ್ಟಲು ಪೂರ್ತಿ ತಿಂದ್ರೆ ಸರಿ, ಬಿಟ್ಟು ಹೋಗ್ತೀನಿ. ಇಲ್ಲಾಂದ್ರೆ ಗಂಟು ಕಟ್ಟಿಡಿ."

ಭಾವ ಫೋನಿಟ್ಟು ಸುತ್ತ ನೋಡಿದರು. ಅಲ್ಲಿ ಇದ್ದವಳು ನಾನೊಬ್ಬಳೇ.

"ಹೋದ ಸಲ ಹತ್ತು ದಿನ ಟೂರಿಗೆ ಹೋಗಿ ಬಂದಾಗ ಗುಬ್ಬಿ ನನ್ನ ನೋಡಿ ಅತ್ತಳು, ಗೊತ್ತಾ? ಮೀಟರ್ ನೋಡೋಕೆ ಬಂದವರನ್ನ ನೋಡಿ ಅಳೋ ಹಾಗೆ. ಈಗ ತಾನೇ ಗುರುತು ಹಿಡೀತಿದ್ದಾಳೆ. ಐದು ದಿನ ಹೋದಳೋ, ನಾನು ಮತ್ತೆ ಮೀಟರಿನವನೇ."

ನಾನು ತಲೆಯಾಡಿಸಿದೆ. ನನ್ನ ಕೈಲಾಗುವುದು ಸಾಮಾನ್ಯವಾಗಿ ಅಷ್ಟೇ.

ಮರುದಿನ ಅಕ್ಕ ಆಫೀಸಿಗೆ ಹೋಗಿದ್ದರಿಂದ ಗುಬ್ಬಿಯ ಚುಚ್ಚುಮದ್ದಿಗೆ ಭಾವ, ನಾನು ಮಕ್ಕಳ ಕ್ಲಿನಿಕ್ಕಿಗೆ ಹೋದೆವು. ಅಲ್ಲಿನ ಸಿಸ್ಟರು ಊಟದ ವಿಷಯ ಚೆನ್ನಾಗಿ ವಿವರಿಸಿದರು. ಮಗು ಬೆನ್ನು ನೇರ ಮಾಡಿ ಕೂರಬೇಕು, ಕಾಲಿಗೆ ಆಸರೆ ಬೇಕು, ಬೆಲ್ಟು ಹಾಕಬೇಕು. ಕೊಡುವುದನ್ನು ಎರಡು ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗುವಷ್ಟು ಬೇಯಿಸಬೇಕು. ದ್ರಾಕ್ಷಿ ಕೊಟ್ಟರೆ ಉದ್ದಕ್ಕೆ ನಾಲ್ಕು ಸೀಳು. ಕಡಲೆಬೀಜ, ಗೋಡಂಬಿ ಇಡಿಯಾಗಿ ಕೂಡದು, ಜೇನುತುಪ್ಪ ವರ್ಷ ತುಂಬುವವರೆಗೆ ಬೇಡವೇ ಬೇಡ. ತಿನ್ನುವಾಗ ಯಾರಾದರೂ ಎದುರಿಗೆ ಇರಲೇಬೇಕು. ಭಾವ ಎಲ್ಲವನ್ನೂ ಇನ್‌ಸ್ಪೆಕ್ಷನ್ ಪುಸ್ತಕದಲ್ಲಿ ಬರೆದುಕೊಂಡರು.

"ಗಂಟಲಲ್ಲಿ ಸಿಕ್ಕಿಕೊಂಡ್ರೆ ಹೇಗೆ ಗೊತ್ತಾಗುತ್ತೆ ಸಿಸ್ಟರ್?"

"ವ್ಯಾಕ್ ಅಂತ ಸದ್ದು ಮಾಡಿದ್ರೆ, ಕೆಮ್ಮಿದ್ರೆ ಗಾಬರಿ ಬೇಡ. ಅದು ಕಲಿಯೋ ರೀತಿ, ತಾನೇ ಸರಿ ಮಾಡ್ಕೊಳ್ಳುತ್ತೆ. ನಿಜವಾಗಿ ಸಿಕ್ಕಿಕೊಂಡಾಗ ಸದ್ದೇ ಬರಲ್ಲ."

ಭಾವನ ಪೆನ್ನು ನಿಂತಿತು. "ಸದ್ದು ಬಂದ್ರೆ ಸುರಕ್ಷಿತ. ಸದ್ದಿಲ್ಲ ಅಂದ್ರೆ ಅಪಾಯ. ಸರಿನಾ?"

"ಹೂಂ. ಆದ್ರೆ ಬರೀ..."

ಸಿಸ್ಟರು ಇನ್ನೂ ಎರಡು ವಾಕ್ಯ ಹೇಳಿದರು. ಭಾವ ಆಗ ಬರೆದದ್ದರ ಕೆಳಗೆ ಗೆರೆ ಎಳೆಯುತ್ತಿದ್ದರು. ಒಂದು ಗೆರೆ, ಅದರ ಕೆಳಗೆ ಇನ್ನೊಂದು. ಹದಿನಾರು ವರ್ಷದ ಅನುಭವ ಒಂದು ನಿಮಿಷದಲ್ಲಿ ತಲೆಕೆಳಗಾದ ಮನುಷ್ಯನಿಗೆ ಕಿವಿ ಕೇಳಿಸುವುದಿಲ್ಲ. ಆಮೇಲೆ ಸಿಸ್ಟರು ಗೊಂಬೆಯೊಂದನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಬೆನ್ನಿಗೆ ಹೇಗೆ ತಟ್ಟಬೇಕು ಅಂತ ತೋರಿಸಿದರು. ಭಾವ ಅದನ್ನು ಹನ್ನೆರಡು ಸಲ ಮಾಡಿದರು. ಹಿಂದೆ ಸಾಲಿನಲ್ಲಿದ್ದವರು ಗೊಣಗುವವರೆಗೂ ಮಾಡಿದರು.

ಆ ಎರಡು ವಾಕ್ಯ ನನಗೆ ಕೇಳಿಸಿದ್ದವು. ದಾರಿಯಲ್ಲಿ ಹೇಳೋಣ ಅಂದುಕೊಂಡೆ. ದಾರಿಯುದ್ದಕ್ಕೂ ಭಾವನೇ ಮಾತಾಡಿದರು.

ಎತ್ತರದ ಕುರ್ಚಿ ಅಂಗಡಿಯಲ್ಲಿ ಸಿಗುತ್ತದೆ. ಭಾವ ಮೂರು ಅಂಗಡಿ ಸುತ್ತಿ, ಎಲ್ಲ ಕುರ್ಚಿಗಳನ್ನೂ ಅಲ್ಲಾಡಿಸಿ, "ಇದರಲ್ಲಿ ನಾನು ಬೆಕ್ಕನ್ನೂ ಕೂರಿಸಲ್ಲ" ಅಂತ ವಾಪಸು ಬಂದರು. ಲಿಫ್ಟಿನ ಗೂಡು ಮಾಡುವ ವೆಲ್ಡರೊಬ್ಬರು ಅವರಿಗೆ ಗುರುತು. ಶುಕ್ರವಾರ ಆ ವೆಲ್ಡರು, ಜೊತೆಗೆ ಮೂರು ಜನ, ಏದುಸಿರು ಬಿಡುತ್ತಾ ನಾಲ್ಕು ಮಹಡಿ ಹತ್ತಿ ಒಂದು ಸ್ಟೀಲಿನ ವಸ್ತುವನ್ನು ಅಡುಗೆಮನೆಯ ಪಕ್ಕ ಇಳಿಸಿದರು.

"ಸಾರ್, ಲಿಫ್ಟು ಯಾವಾಗ ಬಿಡ್ತೀರಿ?" ಅಂದರು ವೆಲ್ಡರು, ಮೊದಲ ಮಾತಾಗಿ.

"ಸದ್ದು ನಿಂತ ಮೇಲೆ."

ಕುರ್ಚಿಗೆ ನಾಲ್ಕು ಅಗಲವಾದ ಕಾಲು. ಬೆಳೆಯುವ ಮಗು ಅಂತ ಸೀಟನ್ನು ಧಾರಾಳವಾಗಿ ಮಾಡಿದ್ದರು, ಸೊಂಟಕ್ಕೆ ಮತ್ತು ಹೆಗಲಿಗೆ ಬೆಲ್ಟು ಇತ್ತು. ಮುಂದಿನ ತಟ್ಟೆಗೆ ಲಿಫ್ಟಿನ ಬಾಗಿಲಿಗೆ ಹಾಕುವಂಥದೇ ಲಾಕು. ಹೊರಗಿನಿಂದ ಮೂರು ಮೂಲೆಯ ಕೀಲಿ ಹಾಕಿ ತಿರುಗಿಸಿದರೆ ಮಾತ್ರ ಅದು ಬಿಡುತ್ತಿತ್ತು. ಬೆನ್ನಿನ ಮೇಲೆ ಒಂದು ಚಿಕ್ಕ ಫಲಕ: 'ಸಾಮರ್ಥ್ಯ: ಪ್ರಯಾಣಿಕರು ೧.'

ಅಕ್ಕ ಆಫೀಸಿನಿಂದ ಬಂದವಳು ಬ್ಯಾಗು ಕೆಳಗಿಡದೆ ನಿಂತು ನೋಡಿದಳು.

"ರೀ, ಇದು ಯಾವ ಮಹಡಿಗೆ ಹೋಗುತ್ತೆ?"

ಭಾವನಿಗೆ ಇಂಥ ಮಾತು ತಾಗುವುದಿಲ್ಲ. ಭಾರದ ಪರೀಕ್ಷೆಗೆ ಅವರು ನನ್ನ ಮೂರು ವರ್ಷದ ಡಿಗ್ರಿ ಪುಸ್ತಕಗಳನ್ನೆಲ್ಲ ಕುರ್ಚಿಯಲ್ಲಿ ಪೇರಿಸಿ ಬೆಲ್ಟು ಹಾಕಿ ಅಲ್ಲಾಡಿಸಿದರು. ಡಿಗ್ರಿ ಮುಗಿದ ಮೇಲೆ ಆ ಪುಸ್ತಕಗಳು ಯಾರದಾದರೂ ಕೆಲಸಕ್ಕೆ ಬಂದದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಗುಬ್ಬಿಯ ಮೊದಲ ಊಟ. ಬೇಯಿಸಿದ ಕ್ಯಾರೆಟ್ಟು, ಹಿಸುಕಿದ ಆಲೂಗಡ್ಡೆ. ಭಾವ ಒಂದು ಹೊಸ ನೋಟ್‌ಪುಸ್ತಕ ನನ್ನ ಕೈಗಿತ್ತರು.

"ನೀನು ಹೇಗೂ ಡೈರಿ ಬರೀತೀಯ. ಲಾಗ್ ನಿಂದು. ಹೊತ್ತು, ತಿಂಡಿ, ಸದ್ದು. ಮೂರೇ ಕಾಲಮ್ಮು."

"ಭಾವ, ಸಿಸ್ಟರು ಆಮೇಲೆ ಇನ್ನೊಂದು..."

"ಬರ್ಕೋ, ಬರ್ಕೋ. ಒಂಬತ್ತೂ ಹತ್ತು."

ಗುಬ್ಬಿ ಕ್ಯಾರೆಟ್ಟಿನ ತುಂಡನ್ನು ತಿರುಗಿಸಿ ನೋಡಿ ಬಾಯಿಗಿಟ್ಟುಕೊಂಡಳು. ಒಸಡಿನಲ್ಲಿ ಒತ್ತಿದಳು. ರುಚಿ ಹಿಡಿಸಿತು ಅಂತ ಕಾಣುತ್ತದೆ, ಸುಮ್ಮನಾದಳು.

ಮೂರು ಸೆಕೆಂಡು ಕಳೆಯಿತು.

"ಸದ್ದಿಲ್ಲ!" ಭಾವ ಎದ್ದು ನಿಂತರು. "ಗುಬ್ಬೀ! ಸದ್ದು ಮಾಡು! ಏನಾದ್ರೂ ಅನ್ನು!"

ಗುಬ್ಬಿ ಏನೂ ಅನ್ನಲಿಲ್ಲ. ಊಟದ ಮಧ್ಯೆ ಮಾತಾಡುವ ಸ್ವಭಾವ ಅವಳದಲ್ಲ. ಕೀಲಿ ತಿರುಗಿತು, ಬೆಲ್ಟು ಬಿಚ್ಚಿತು, ಕಣ್ಣು ಮಿಟುಕಿಸುವುದರಲ್ಲಿ ಗುಬ್ಬಿ ಭಾವನ ಮುಂಗೈ ಮೇಲೆ ತಲೆ ಕೆಳಗಾಗಿದ್ದಳು. ಕ್ಯಾರೆಟ್ಟು ನೆಲಕ್ಕೆ ಬಿತ್ತು. ಭಾವ ತಟ್ಟಲು ಕೈ ಎತ್ತಿದರು. ಅಷ್ಟರಲ್ಲಿ ಗುಬ್ಬಿ ಕೇಕೆ ಹಾಕಿ ನಕ್ಕಳು.

"ಸದ್ದು ಬಂತು," ಅಂದರು ಭಾವ ಬೆವರೊರೆಸಿಕೊಂಡು. "ಬದುಕಿಸಿದೆ. ಬರ್ಕೋ."

ನಾನು ಬರೆದೆ. ಹೊತ್ತು ೯.೧೨, ತಿಂಡಿ ಕ್ಯಾರೆಟ್ಟು, ಸದ್ದು ನಗು.

ಅವತ್ತು ಮಧ್ಯಾಹ್ನದೊಳಗೆ ಭಾವ ಗುಬ್ಬಿಯನ್ನು ಹನ್ನೊಂದು ಸಲ ಬದುಕಿಸಿದರು. ಮೂರನೇ ಸಲಕ್ಕೇ ಗುಬ್ಬಿಗೆ ಆಟ ಅರ್ಥವಾಗಿಬಿಟ್ಟಿತ್ತು. ಬಾಯಿಗೊಂದು ತುಂಡು ಹಾಕಿಕೊಳ್ಳುವುದು, ಉಸಿರು ಸಹ ಕೇಳದ ಹಾಗೆ ಗಂಭೀರವಾಗಿ ಕೂರುವುದು, ಓರೆಗಣ್ಣಿನಲ್ಲಿ ಅಪ್ಪನನ್ನು ನೋಡುವುದು. ಅಪ್ಪ ಹಾರಿಬಂದು ಎತ್ತಿ ತಿರುಗಿಸಿದ ಕೂಡಲೇ ತುಂಡನ್ನು ನೆಲಕ್ಕೆ ಉಗಿದು ಕೇಕೆ. ಮತ್ತೆ ಕುರ್ಚಿ, ಮತ್ತೆ ತುಂಡು. ಸಂಜೆ ಹೊತ್ತಿಗೆ ಚಮಚ ಕಂಡರೆ ಸಾಕು, ಬಾಯಿ ತೆರೆಯುವುದರ ಬದಲು ಎರಡೂ ಕೈ ಚಾಚಿ ಬೋರಲಾಗಲು ತಯಾರಾಗುತ್ತಿದ್ದಳು. ನೆಲದ ಮೇಲೆ ಬಿದ್ದದ್ದನ್ನು ಒರೆಸುತ್ತಾ ನಾನು ಅಂದಾಜು ಮಾಡಿದೆ. ಒಳಗೆ ಹೋದದ್ದು ಸೊನ್ನೆ.

"ಸದ್ದು ಮಾಡು! ಸದ್ದು ಮಾಡು!" ಅನ್ನುವ ಕೂಗು ಮಾತ್ರ ಕಟ್ಟಡಕ್ಕೆಲ್ಲ ಕೇಳುತ್ತಿತ್ತು. ಟೈಲರಮ್ಮ ಕುತ್ತಿಗೆಗೆ ಟೇಪು ಹಾಕಿಕೊಂಡು ಮೇಲೆ ಬಂದರು.

"ಏನ್ರೀ ಇನ್‌ಸ್ಪೆಕ್ಟರೇ, ಹಸುಗೂಸಿನ ಮೇಲೆ ಗದರ್ತೀರಲ್ಲ, ಮನುಷ್ಯರೇನ್ರೀ ನೀವು?"

"ಗದರ್ತಿಲ್ಲ. ಊಟ ಮಾಡಿಸ್ತಿದೀನಿ."

"ಸದ್ದು ಮಾಡಿತು ಅಂತ ಲಿಫ್ಟಿಗೆ ಬೀಗ ಹಾಕಿದ್ರಿ. ಸದ್ದು ಮಾಡಲ್ಲ ಅಂತ ಮಗೂಗೆ ಬಯ್ತಿದೀರಿ. ನಿಮಗೆ ಬೇಕಾಗಿರೋದಾದ್ರೂ ಏನು?"

"ಲಿಫ್ಟು ಬೇರೆ, ಮಗು ಬೇರೆ, ಅಮ್ಮಾವ್ರೆ. ಲಿಫ್ಟಿನಲ್ಲಿ ಸದ್ದು ಅಂದ್ರೆ ದೋಷ. ಮಗೂದು ಉಲ್ಟಾ ವೈರಿಂಗು."

ಅಷ್ಟರಲ್ಲಿ ಗುಬ್ಬಿ ಸುಮ್ಮನಾದಳು. ಭಾವ ಮಾತು ಅರ್ಧಕ್ಕೆ ಬಿಟ್ಟು ಹಾರಿದರು. ಮಗು ತಲೆ ಕೆಳಗಾಯಿತು. ಟೈಲರಮ್ಮನ ಬಾಯಲ್ಲಿದ್ದ ಗುಂಡುಪಿನ್ನು ಕೆಳಗೆ ಬಿತ್ತು. ಅದನ್ನು ಮೊದಲು ಹುಡುಕಿ ತೆಗೆದವರೂ ಭಾವನೇ, ಮಗು ಇರುವ ಮನೆಯಲ್ಲಿ ಪಿನ್ನು ಬೀಳಿಸಿದ್ದಕ್ಕೆ ಐದು ನಿಮಿಷ ಉಪದೇಶ ಕೊಟ್ಟವರೂ ಅವರೇ. ಟೈಲರಮ್ಮ ಕೆಂಪಗಾಗಿ ಇಳಿದು ಹೋದರು. ಕ್ಲಿನಿಕ್ಕಿನ ಸಿಸ್ಟರುಗಳ ಸಮವಸ್ತ್ರ ಹೊಲಿಯುವವರು ಅವರೇ ಅನ್ನುವುದು ನಮಗೆ ಆಗ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತೂವರೆ. ಅತ್ತೆ ಹನ್ನೊಂದಕ್ಕೆ ಬರುವವರಿದ್ದರು. ಅಕ್ಕ ಒಳಗೆ ಪೆಟ್ಟಿಗೆ ತುಂಬುತ್ತಾ, ಅದರ ಪಕ್ಕದಲ್ಲೇ ಗುಬ್ಬಿಯ ಬಟ್ಟೆಯ ಗಂಟನ್ನೂ ಕಟ್ಟುತ್ತಿದ್ದಳು. ಭಾವ ಅದನ್ನು ನೋಡಿದರು. ನಾನು ಬರೆದ ಲಾಗನ್ನು ಮೂರು ಸಲ ಓದಿದರು.

"ಪ್ರಯಾಣಿಕಳಲ್ಲಿ ದೋಷ ಇಲ್ಲ," ಅಂತ ತೀರ್ಮಾನ ಹೇಳಿದರು. "ಕುರ್ಚಿಯಲ್ಲೇ ಏನೋ ಇದೆ. ಒತ್ತುತ್ತೋ ಏನೋ. ತಪ್ಪು ನಂದೇ. ನಿಯಮ ಮುರಿದೆ."

"ಯಾವ ನಿಯಮ ಭಾವ?"

"ಯಾವ ಲಿಫ್ಟಿಗಾದ್ರೂ ಸಹಿ ಹಾಕೋ ಮುಂಚೆ ನಾನೇ ಮೊದಲು ಹತ್ತಿ ಒಂದು ಸಲ ಹೋಗಿ ಬರ್ತೀನಿ. ನಾನು ಹತ್ತದ ಲಿಫ್ಟಿಗೆ ಇವತ್ತಿನವರೆಗೆ ಜನರನ್ನ ಹತ್ತಿಸಿಲ್ಲ. ಸ್ವಂತ ಮಗಳನ್ನ ಮಾತ್ರ ಹಾಗೇ ಕೂರಿಸಿಬಿಟ್ಟೆ."

ಹೀಗೆ ಹೇಳಿ ಅವರು ಸ್ಟೂಲಿನ ಮೇಲೆ ಹತ್ತಿ ಕುರ್ಚಿಯೊಳಗೆ ಇಳಿದರು. ಭಾವ ತೆಳ್ಳಗಿನವರೇ, ಹೊಟ್ಟೆಯೊಂದು ಬಿಟ್ಟು. ಮೊದಲು ಅರ್ಧ ಹೋದರು. ಆಮೇಲೆ ಉಸಿರು ಹೊರಗೆ ಬಿಟ್ಟು ಪೂರ್ತಿ ಹೋದರು. ಕಾಲಿನ ಆಸರೆಯ ಮೇಲೆ ಪಾದ ಇಟ್ಟಾಗ ಮಂಡಿ ಗಲ್ಲಕ್ಕೆ ಬಂತು. "ನಿಜವಾದ ಪರಿಸ್ಥಿತಿ ಬೇಕು," ಅಂತ ಬೆಲ್ಟು ಹಾಕಿಸಿಕೊಂಡರು, ಆಲೂಗಡ್ಡೆಯ ಬಟ್ಟಲನ್ನೂ ಚಮಚವನ್ನೂ ತಟ್ಟೆಯ ಮೇಲೆ ಇಡಿಸಿಕೊಂಡರು, ತಟ್ಟೆಯನ್ನು ತಾವೇ ಎಳೆದುಕೊಂಡರು.

ಟಕ್.

"ಲಾಕ್ ಸರಿಯಾಗಿದೆ. ಬರ್ಕೋ. ಈಗ ತೆಗಿ."

"ಕೀಲಿ ಎಲ್ಲಿ ಭಾವ?"

ಭಾವ ಅಂಗಿಯ ಜೇಬು ತಡವಿ ನೋಡಿದರು. "ಪ್ಯಾಂಟಿನ ಹಿಂದಿನ ಜೇಬಲ್ಲಿ."

ಹಿಂದಿನ ಜೇಬಿನ ಮೇಲೆ ಭಾವ ಕೂತಿದ್ದರು. ಭಾವನ ಮೇಲೆ ಬೆಲ್ಟಿತ್ತು, ಬೆಲ್ಟಿನ ಕೊಂಡಿ ತಟ್ಟೆಯ ಕೆಳಗೆ ಹೊಟ್ಟೆಯೊಳಗೆ ಹೂತುಹೋಗಿತ್ತು. ಸುರಕ್ಷತೆಯ ದೃಷ್ಟಿಯಿಂದ ಇದಕ್ಕಿಂತ ಪಕ್ಕಾ ವ್ಯವಸ್ಥೆ ಇರಲಾರದು. ನಾನು ಅಕ್ಕನನ್ನು ಕರೆದೆ. ಅಕ್ಕ ಬಂದು ನೋಡಿದಳು.

"ನಾನು ಒಂದೂವರೆಗೆ ಬಸ್ ಹತ್ತಬೇಕು," ಅಂದಳು. ಗಂಡನ ಎರಡೂ ಕಂಕುಳಿಗೆ ಕೈ ಹಾಕಿ ಎಳೆದಳು. ಭಾವ ಬರಲಿಲ್ಲ. ಕುರ್ಚಿಯೂ ಬರಲಿಲ್ಲ.

ಆಗಲೇ ಬಾಗಿಲು ಬಡಿಯಿತು. ಟೈಲರಮ್ಮ, ಅವರ ಹಿಂದೆ ಕ್ಲಿನಿಕ್ಕಿನ ಸಿಸ್ಟರು.

"ನೀವೇ ನೋಡಿ ಸಿಸ್ಟರ್, ಈ ಮನೇಲಿ ಮಗೂನ ಹೆಂಗೆ..." ಟೈಲರಮ್ಮ ಬೆರಳು ತೋರಿಸಲು ಹೋಗಿ ಅಲ್ಲೇ ನಿಂತರು. ಕುರ್ಚಿಯಲ್ಲಿ ಮಗುವಿರಲಿಲ್ಲ. ಮಗುವಿನ ಅಪ್ಪ ಇದ್ದರು. ಬೆಲ್ಟು ಹಾಕಿಕೊಂಡು, ಮುಂದೆ ಬಟ್ಟಲಿಟ್ಟುಕೊಂಡು.

ಸಿಸ್ಟರು ನಿಧಾನವಾಗಿ ಒಳಗೆ ಬಂದರು. "ಬೆನ್ನು ನೇರ ಇದೆ, ಕಾಲಿಗೆ ಆಸರೆ ಇದೆ. ನಾನು ಹೇಳಿದ್ದು ಮಗೂಗೆ ಅಂತ ಅಂದುಕೊಂಡಿದ್ದೆ."

"ಪರೀಕ್ಷೆ ಮಾಡ್ತಿದ್ದೆ ಸಿಸ್ಟರ್."

ಟೈಲರಮ್ಮ ಕುತ್ತಿಗೆಯಿಂದ ಟೇಪು ತೆಗೆದು ಮೊದಲು ಭಾವನ ಸೊಂಟ ಅಳೆದರು, ಆಮೇಲೆ ಸೀಟಿನ ಒಳಸುತ್ತು. "ಮೂವತ್ತಾರೂವರೆ. ಮೂವತ್ತೊಂದು. ಹೆಂಗ್ರೀ ಒಳಗೆ ಹೋದ್ರಿ? ಹಿಂದುಗಡೆ ಸಂದಿ ಇದೆ, ಜೇಬು ಕತ್ತರಿಸಿದ್ರೆ ಕೀಲಿ ಬರುತ್ತೆ. ಕತ್ತರಿ ತರ್ತೀನಿ. ಲಿಫ್ಟಿನ ಬೀಗ ತೆಗೀತೀನಿ ಅನ್ನಿ, ಈಗಲೇ ತರ್ತೀನಿ."

"ಸಾಧ್ಯವಿಲ್ಲ. ಸದ್ದು ನಿಲ್ಲೋವರೆಗೂ ಇಲ್ಲ. ಸಾಯೋವರೆಗೂ ಇಲ್ಲೇ ಕೂತಿರ್ತೀನಿ."

"ಕೂತಿರಿ," ಅಂತ ಟೈಲರಮ್ಮ ಒಂದು ಕುರ್ಚಿ ಎಳೆದುಕೊಂಡು ತಾವೂ ಕೂತರು.

ಹನ್ನೊಂದು ಹೊಡೆಯಿತು. ಮೆಟ್ಟಿಲ ಮೇಲೆ ಏದುಸಿರಿನ ಸದ್ದು ಎರಡು ನಿಮಿಷ ಮುಂಚಿತವಾಗಿ ಬಂತು, ಅದರ ಹಿಂದೆ ಅತ್ತೆ ಬಂದರು. ಕೈಯಲ್ಲಿ ಮಗುವಿಗೆ ಅಂತ ತಂದ ಖಾಲಿ ಚೀಲ.

"ಆ ಲಿಫ್ಟಿಗೆ ಯಾವ ಮಹಾನುಭಾವ ಬೀಗ..." ಅಂದವರು ಮಗನನ್ನು ಕಂಡರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನೋಟ ಬದಲಾಗಲಿಲ್ಲ.

"ನಾನು ಒಂಬತ್ತು ವರ್ಷ ಅಂದಿದ್ದು ಸುಮ್ನೆ ಅಲ್ಲ, ನೋಡಿದ್ರಾ?" ಅಂದರು ಎಲ್ಲರಿಗೂ ಕೇಳುವ ಹಾಗೆ. "ಗಂಟು ಕಟ್ಟಿದಾಯ್ತಾ?"

ಅಕ್ಕ ಗಂಟಿನ ಕಡೆ ನೋಡಿದಳು. ಭಾವ ಗುಬ್ಬಿಯ ಕಡೆ ನೋಡಿದರು. ಗುಬ್ಬಿ ನನ್ನ ಕಂಕುಳಲ್ಲಿದ್ದಳು. ಇಷ್ಟು ಹೊತ್ತೂ ಅವಳು ತನ್ನ ಕುರ್ಚಿಯಲ್ಲಿ ಕೂತ ಅಪ್ಪನನ್ನೇ ದಿಟ್ಟಿಸುತ್ತಿದ್ದಳು. ನಮ್ಮೆಲ್ಲರಿಗಿಂತ ಹೆಚ್ಚು ಆಶ್ಚರ್ಯವಾಗಿದ್ದದ್ದು ಅವಳಿಗೇ. ಮೊದಲ ಸಲ ಅಪ್ಪನ ಮುಖ ಅವಳ ಮುಖದ ಮಟ್ಟಕ್ಕೆ ಬಂದಿತ್ತು, ಅಲ್ಲಾಡದೆ ನಿಂತಿತ್ತು. ಅವಳು ಬಟ್ಟಲಿನ ಕಡೆ ಕೈ ಚಾಚಿ "ಅಬ್ಬಬ್ಬಾ" ಅಂದಳು.

"ಒಂದು ಅವಕಾಶ ಕೊಡಮ್ಮ," ಅಂದರು ಭಾವ. "ಬಟ್ಟಲು ಇಲ್ಲೇ ಇದೆ. ಕೈ ಎರಡೂ ಬಿಡುವಾಗಿವೆ."

ಅತ್ತೆ ಏನೋ ಅನ್ನಲು ಬಾಯಿ ತೆರೆದರು. ಸಿಸ್ಟರು ನನಗೆ ಒಂದು ಕುರ್ಚಿ ಎಳೆದು ಕೊಟ್ಟರು. "ಎದುರಿಗೆ ಕೂತ್ಕೊಳ್ಳಿ. ಮಗು ಬೆನ್ನು ನೇರ ಇರಲಿ, ಒರಗಿಸಬೇಡಿ." ನಾನು ಗುಬ್ಬಿಯನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡೆ. ಭಾವ ಚಮಚದ ತುದಿಯಲ್ಲಿ ಆಲೂಗಡ್ಡೆ ತೆಗೆದು ಮುಂದೆ ಹಿಡಿದರು. ಗುಬ್ಬಿ ಬಾಯಿ ತೆರೆದಳು, ಮುಚ್ಚಿದಳು, ಗಂಭೀರವಾದಳು. ಓರೆಗಣ್ಣಿನಲ್ಲಿ ಅಪ್ಪನನ್ನು ನೋಡಿದಳು.

ಒಂದು. ಎರಡು. ಮೂರು.

"ಸದ್ದಿಲ್ಲ!" ಭಾವ ಎದ್ದರು. ಅಂದರೆ ಏಳಲು ಹೋದರು. ಬೆಲ್ಟು ಬಿಗಿಯಿತು, ತಟ್ಟೆ ಹೊಟ್ಟೆಗೆ ಒತ್ತಿತು, ಸ್ಟೀಲು ಕುರ್ಚಿ ಕೂದಲೆಳೆಯಷ್ಟೂ ಕದಲಲಿಲ್ಲ. "ಸದ್ದಿಲ್ಲ, ಸದ್ದಿಲ್ಲ! ಯಾರಾದ್ರೂ ಎತ್ರೀ!"

"ಯಾರೂ ಎತ್ತಬೇಡಿ," ಅಂದರು ಸಿಸ್ಟರು. "ಇನ್‌ಸ್ಪೆಕ್ಟರೇ, ಮಗೂ ಮುಖದ ಬಣ್ಣ ನೋಡಿ. ನೀಲಿ ಇದೆಯಾ?"

"ಇಲ್ಲ..."

"ಕಣ್ಣು ನೋಡಿ. ಗಾಬರಿಯಾಗಿದೆಯಾ, ಉಸಿರಿಗೆ ಒದ್ದಾಡ್ತಿದೆಯಾ?"

"ಇಲ್ಲ... ಕಳ್ಳನಗೆ ನಗ್ತಿದ್ದಾಳೆ."

"ದವಡೆ?"

"ಆಡ್ತಿದೆ."

"ಹಾಗಾದ್ರೆ ಅದು ಸಿಕ್ಕಿಕೊಂಡಿರೋದಲ್ಲ, ತಿನ್ನೋದು. ತಿನ್ನೋರು ಬಾಯಿ ಮುಚ್ಚಿಕೊಂಡೇ ತಿನ್ನೋದು ಸ್ವಾಮಿ. ಬರೀ ಮೌನ ಅಲ್ಲ, ಬಣ್ಣ, ಕಣ್ಣು, ಉಸಿರು ಎಲ್ಲ ನೋಡಬೇಕು. ಅವತ್ತು ಹೇಳಿದ್ನಲ್ಲ?"

ಭಾವ ನನ್ನ ಕಡೆ ತಿರುಗಿದರು. "ಹೇಳಿದ್ರಾ?"

"ಹೇಳಿದ್ರು ಭಾವ. ಎರಡು ವಾಕ್ಯ."

"ಮತ್ತೆ ನೀನ್ಯಾಕೆ ಹೇಳಲಿಲ್ಲ?"

"ಬರ್ಕೋ ಅಂದ್ರಿ. ಬರ್ಕೊಂಡೆ." ನಿಜವಾಗಿಯೂ ಬರೆದುಕೊಂಡಿದ್ದೆ. ನನ್ನ ಡೈರಿಯಲ್ಲಿ, ಗುರುವಾರದ ಪುಟದಲ್ಲಿ.

ಗುಬ್ಬಿ ಇನ್ನೂ ಕಾಯುತ್ತಿದ್ದಳು. ಅಪ್ಪ ಹಾರಲಿಲ್ಲ, ತಲೆ ಕೆಳಗಾಗಲಿಲ್ಲ, ಎಷ್ಟು ಹೊತ್ತು ಬಾಯಲ್ಲಿಟ್ಟುಕೊಂಡಿದ್ದರೂ ಏನೂ ನಡೆಯಲಿಲ್ಲ. ಬೇರೆ ದಾರಿ ಕಾಣದೆ ನುಂಗಿದಳು. ನುಂಗಿದ ಮೇಲೆ ಅವಳ ಮುಖದಲ್ಲಿ ಒಂದು ಹೊಸ ವಿಚಾರ ಹೊಳೆದ ಹಾಗಿತ್ತು. ಬಾಯಿ ತೆರೆದಳು.

ಎರಡನೇ ಚಮಚ. ಮೂರನೆಯದು. ಪ್ರತಿ ಸಲವೂ ಭಾವ ಎದ್ದರು, ಪ್ರತಿ ಸಲವೂ ಬೆಲ್ಟು ಕೂರಿಸಿತು. ಪ್ರತಿ ಸಲವೂ ಹಲ್ಲು ಕಚ್ಚಿಕೊಂಡು "ಬಣ್ಣ, ಕಣ್ಣು, ಉಸಿರು, ದವಡೆ" ಅಂತ ಜಪ ಮಾಡಿದರು. ಅರ್ಧ ಬಟ್ಟಲು ಮುಗಿಯಿತು. ಟೈಲರಮ್ಮನೂ ತಮಗರಿವಿಲ್ಲದೆ ಬಾಯಿ ತೆರೆದು ಮುಚ್ಚುತ್ತಿದ್ದರು.

ಆಗ ಹಿಸುಕದೆ ಉಳಿದಿದ್ದ ಒಂದು ತುಂಡು ಸ್ವಲ್ಪ ಹಿಂದಕ್ಕೆ ಹೋಯಿತು. ಗುಬ್ಬಿ ಮುಖ ಕೆಂಪಾಗಿ, ನಾಲಿಗೆ ಹೊರಗೆ ಬಂದು, "ವ್ಯಾಕ್" ಅಂದಳು.

"ಅಯ್ಯೋ ನನ್ನ ಕಂದಾ!" ಅತ್ತೆ ಚೀಲ ಎಸೆದು ಹಾರಿದರು, ತೋರುಬೆರಳನ್ನು ಮುಂದೆ ಚಾಚಿ, ನೇರ ಗುಬ್ಬಿಯ ಬಾಯಿಗೆ. "ತೆಗೀತೀನಿ, ತೆಗೀತೀನಿ!"

"ಅಮ್ಮಾ, ನಿಲ್ಲು! ಬೆರಳು ಹಾಕಬೇಡ!"

ಭಾವನ ದನಿಗೆ ಅತ್ತೆ ನಿಂತುಬಿಟ್ಟರು. ಮಗ ಅವರ ಮೇಲೆ ದನಿ ಎತ್ತಿದ್ದು ಹುಟ್ಟಿದ ಮೇಲೆ ಅದೇ ಮೊದಲಿರಬೇಕು.

"ಬೆರಳು ಹಾಕಿದ್ರೆ ಒಳಗೆ ತಳ್ಳಿದ ಹಾಗಾಗುತ್ತೆ. ಸದ್ದು ಬರ್ತಿದೆ, ಉಸಿರಿದೆ, ಕೆಮ್ಮುತ್ತಿದ್ದಾಳೆ. ಅವಳೇ ಹೊರಗೆ ತರ್ತಾಳೆ. ನೋಡ್ತಾ ಇರು. ಕಣ್ಣು ತೆಗೀಬೇಡ, ಕೈ ಹಾಕಬೇಡ."

ಯಾರೂ ಅಲ್ಲಾಡಲಿಲ್ಲ. ನನ್ನ ಕೈಯೊಳಗೆ ಗುಬ್ಬಿಯ ಪುಟ್ಟ ಬೆನ್ನು ಎರಡು ಸಲ ನಡುಗಿತು. ಗುಬ್ಬಿ ಕೆಮ್ಮಿದಳು. ತುಂಡು ನಾಲಿಗೆಯ ತುದಿಗೆ ಬಂತು. ಅದನ್ನು ಬೆರಳಿನಿಂದ ತೆಗೆದು ನೋಡಿ, ಪರಿಚಯವಾದದ್ದೇ ಅಂತ ಖಾತ್ರಿ ಮಾಡಿಕೊಂಡು, ಮತ್ತೆ ಬಾಯಿಗೆ ಹಾಕಿ ಅಗಿದು ನುಂಗಿದಳು.

"ಸರಿಯಾಗಿ ಹೇಳಿದ್ರಿ," ಅಂದರು ಸಿಸ್ಟರು.

ಅತ್ತೆಯ ಬೆರಳು ಇನ್ನೂ ಗಾಳಿಯಲ್ಲಿತ್ತು. ಅದನ್ನು ನೋಡಿಕೊಂಡು ಕೆಳಗಿಳಿಸಿದರು. "ನಿಂಗೆ ಹಿಂಗೆ ಆದಾಗ್ಲೆಲ್ಲ ನಾನು ಬೆರಳೇ ಹಾಕ್ತಿದ್ದೆ," ಅಂದರು ಸಣ್ಣ ದನಿಯಲ್ಲಿ. "ಬದುಕಿದೀಯ ನೋಡು, ಪುಣ್ಯಕ್ಕೆ." ಒಂದು ಸ್ಟೂಲಿನ ಮೇಲೆ ಕೂತರು. ಉಳಿದ ಅರ್ಧ ಬಟ್ಟಲು ಖಾಲಿಯಾಗುವವರೆಗೆ ಅದರಿಂದ ಕಣ್ಣು ತೆಗೆಯಲಿಲ್ಲ. ಕೊನೆಯ ಚಮಚವನ್ನು ಗುಬ್ಬಿ ತಾನೇ ಕಿತ್ತುಕೊಂಡು, ಅರ್ಧ ತಿಂದು, ಅರ್ಧವನ್ನು ಅಪ್ಪನ ಮೂಗಿಗೆ ಒರೆಸಿದಳು.

ಅತ್ತೆ ಬಟ್ಟಲನ್ನು ಬೋರಲು ಹಾಕಿ ನೋಡಿದರು. ಏನೂ ಬೀಳಲಿಲ್ಲ.

"ಸರಿ. ಮಗು ಇಲ್ಲೇ ಇರಲಿ. ಆದ್ರೆ ಒಂದು ಮಾತು. ಇವಳು ತಿನ್ನೋವಾಗ ಇವನು ಬಿಡುಗಡೆ ಆಗಿರಕೂಡದು. ಬಿಟ್ರೆ ಹಾರ್ತಾನೆ. ಇವನು ಚಿಕ್ಕವನಿದ್ದಾಗಲೂ ಹಂಗೇ."

ಸಿಸ್ಟರು ನಕ್ಕು ಒಪ್ಪಿದರು, ಒಂದು ತಿದ್ದುಪಡಿಯೊಂದಿಗೆ. "ನಿಜವಾಗಿ ಬೇಕಾದಾಗ ಒಂದೇ ಏಟಿಗೆ ಬಿಚ್ಚೋ ಹಾಗಿರಲಿ." ಟೈಲರಮ್ಮ ಕತ್ತರಿ ತಂದು ಕುರ್ಚಿಯ ಹಿಂದಿನ ಸಂದಿಯಿಂದ ಜೇಬು ಕತ್ತರಿಸಿ ಕೀಲಿ ತೆಗೆದರು. ಲಿಫ್ಟಿನ ಮಾತು ಮತ್ತೆ ಎತ್ತಲಿಲ್ಲ. ಭಾವನನ್ನು ಹೊರಗೆ ಎಳೆಯಲು ಐದು ಜನವೂ ಬೇಕಾದೆವು. ಹಿಂದೆ ಜೇಬಿಲ್ಲದ ಪ್ಯಾಂಟಿನಲ್ಲೇ ಅವರು ಅಕ್ಕನನ್ನು ಬಸ್ ಹತ್ತಿಸಿ ಬಂದರು. ಅತ್ತೆ ಖಾಲಿ ಚೀಲದಲ್ಲಿ ನಮ್ಮ ಮನೆಯ ಎರಡು ಕಿಲೋ ಈರುಳ್ಳಿ ತುಂಬಿಕೊಂಡು ಮೆಟ್ಟಿಲಿಳಿದರು.

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಗುಬ್ಬಿ ತನ್ನ ಸ್ಟೀಲಿನ ಕುರ್ಚಿಯಲ್ಲಿ. ಎದುರಿಗೆ ಊಟದ ಕುರ್ಚಿಯಲ್ಲಿ ಭಾವ, ಟೈಲರಮ್ಮ ಹಿಂದಿನ ಸಂಜೆಯೇ ಹೊಲಿದು ಕಳಿಸಿದ ಅಗಲವಾದ ನೀಲಿ ಬೆಲ್ಟು ಸೊಂಟಕ್ಕೆ ಬಿಗಿದುಕೊಂಡು. ಕ್ಲಾಸಿಗೆ ಹೊರಡುವ ಮುಂಚೆ ಅದರ ಗುಂಡಿ ಹಾಕುವುದು ನನ್ನ ಕೆಲಸ. ಬಾಳೆಹಣ್ಣು ಹೋಗುತ್ತಿತ್ತು. ಗುಬ್ಬಿ ಸುಮ್ಮನೆ ತಿನ್ನುತ್ತಿದ್ದಳು. ಭಾವ ಸುಮ್ಮನೆ ನೋಡುತ್ತಿದ್ದರು. ಗೋಡೆ ಗಡಿಯಾರ ಮಾತ್ರ ಟಿಕ್ ಟಿಕ್ ಅನ್ನುತ್ತಿತ್ತು.

ತರಬೇತಿ ಶುರುವಾಗುವ ಮೊದಲು ಅಕ್ಕ ಫೋನ್ ಮಾಡಿದಳು. ನಾನು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಅದೇ ಕ್ಷಣ ಭಾವ ಬಾಯಿಗೆ ಬೆರಳಿಟ್ಟು 'ಶ್' ಅಂದರು, ಗುಬ್ಬಿಯ ಗಮನ ತಪ್ಪಬಾರದು ಅಂತ.

"ಹಲೋ? ಗುಬ್ಬಿ ತಿಂದಳಾ?... ಹಲೋ?... ಯಾಕೆ ಯಾರೂ ಮಾತಾಡ್ತಿಲ್ಲ? ರೀ? ಏನಾಯ್ತು? ಯಾಕಿಷ್ಟು ಸುಮ್ನಿದೀರ ಎಲ್ರೂ? ಅಯ್ಯೋ ದೇವರೇ, ರೀ, ಮಗೂಗೆ ಏನಾಯ್ತು? ನಾನು ಬರ್ತೀನಿ, ಈಗಲೇ ಹೊರಟೆ, ಮುಂದಿನ ಬಸ್ಸಿಗೇ..."

ಭಾವ ಗುಬ್ಬಿಯಿಂದ ಕಣ್ಣು ತೆಗೆಯದೆ, ಬೆಲ್ಟಿನೊಳಗಿಂದಲೇ ಫೋನಿನ ಕಡೆ ಬಾಗಿದರು.

"ಬಣ್ಣ ಸರಿಯಿದೆ, ಕಣ್ಣು ಸರಿಯಿದೆ, ದವಡೆ ಆಡ್ತಿದೆ," ಅಂದರು ಮೆಲ್ಲಗೆ. "ಅಲ್ಲಿ ಕುರ್ಚಿ ಇದೆಯಾ? ಕೂತ್ಕೋ. ಪಕ್ಕದಲ್ಲಿ ಯಾರಾದ್ರೂ ಇದ್ರೆ, ನಿನ್ನನ್ನೊಂದು ಸ್ವಲ್ಪ ಕಟ್ಟಿಹಾಕೋಕೆ ಹೇಳು."